ಗಂಗತ್ತೆಯ ಗ್ರೈಂಡರ್ ವೈರು ಮೂರು ಸಲ ಸುಟ್ಟಿದ್ದೇಕೆ?

ನಮ್ಮ ಊರಿಗಾಂ ಲೈನಿನಲ್ಲಿ, ಅಂದರೆ ಗಣಿ ಕೆಲಸಗಾರರಿಗೆಂದು ಕಟ್ಟಿಸಿದ ಸಾಲಿನಲ್ಲಿ, ಎಂಟು ಮನೆಗಳು. ಎಂಟಕ್ಕೂ ಒಂದೇ ಚಾವಣಿ, ನಡುವೆ ತೆಳು ಗೋಡೆ. ಒಂದನೆಯ ಮನೆಯಲ್ಲಿ ಒಣಮೆಣಸಿನಕಾಯಿ ಹುರಿದರೆ ಎಂಟನೆಯ ಮನೆಯಲ್ಲಿ ಸೀನುತ್ತಾರೆ. ಅಂಥ ಕಡೆ ವೈರು ಸುಟ್ಟ ವಾಸನೆ ಬಂದರೆ ಯಾರೂ ಒಳಗೆ ಕೂರುವುದಿಲ್ಲ.

ಒಂದು ಗುರುವಾರ ಬೆಳಿಗ್ಗೆ ಆ ವಾಸನೆ ಬಂತು. ನಾನು ಬಂಗಾರಪೇಟೆಯ ರೈಲು ಹಿಡಿಯಲು ಹೊರಟು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದೆ. ಮೂರನೆಯ ಮನೆಯಿಂದ ಗಂಗತ್ತೆಯ ಕೂಗು ಕೇಳಿತು.

“ಮೈನ್ ಆಫ್ ಮಾಡ್ರೋ! ಯಾರಾದ್ರೂ ಮೈನ್ ಆಫ್ ಮಾಡ್ರೋ!”

ನಾನು ಓಡಿಹೋಗಿ ಜಗಲಿಯಲ್ಲಿದ್ದ ಮೈನ್ ಸ್ವಿಚ್ ಕೆಳಗೆಳೆದೆ. ಒಳಗೆ ಗ್ರೈಂಡರಿನ ಹಿಂದಿನಿಂದ ಹೊಗೆ ಬರುತ್ತಿತ್ತು. ಗಂಗತ್ತೆ ಹಿಟ್ಟಿನ ಕೈಯಲ್ಲೇ ಗೋಡೆಗೆ ಒರಗಿ ನಿಂತಿದ್ದರು.

ಗಂಗತ್ತೆ ಅಂದರೆ ಮುನಿಗಂಗಮ್ಮ. ರಕ್ತಸಂಬಂಧವಿಲ್ಲ, ಆದರೆ ಲೈನಿನ ಹೆಣ್ಣುಮಕ್ಕಳಿಗೆಲ್ಲ ಅವರು ಅತ್ತೆಯೇ. ಅವರ ಮುಂದಿನ ಕೋಣೆಯಲ್ಲಿ ಲೈನಿನ ಮಹಿಳಾ ಸಂಘದ ದೊಡ್ಡ ಗ್ರೈಂಡರ್ ಇದೆ. ನಾಲ್ಕು ಹೆಂಗಸರು ಅದರಲ್ಲಿ ಇಡ್ಲಿ, ದೋಸೆಯ ಹಿಟ್ಟು ರುಬ್ಬಿ ಲೈನಿನ ಮನೆಗಳಿಗೂ ಸ್ಟೇಷನ್ ಹತ್ತಿರದ ಎರಡು ಹೋಟೆಲಿಗೂ ಕೊಡುತ್ತಾರೆ. ನಾಲ್ಕು ಮನೆಯ ಒಲೆ ಉರಿಯುವುದು ಆ ಗ್ರೈಂಡರಿನಿಂದ. ಎರಡು ತಿಂಗಳಲ್ಲಿ ಅದರ ವೈರು ಸುಟ್ಟಿದ್ದು ಇದು ಮೂರನೆಯ ಸಲ.

ಪಕ್ಕದ ಮನೆಯ ಸೆಲ್ವರಾಜ್ ಬನಿಯನ್ನಿನಲ್ಲೇ ಬಂದ.

“ಅಕ್ಕಾ, ನಮ್ಮಮ್ಮನ ಮಂಚ ಈ ಗೋಡೆಗೇ ಅಂಟ್ಕೊಂಡೈತೆ. ಒಂದು ಕಡೆ ಕೈಕಾಲು ಬಿದ್ದೋಗಿರೋಳು. ನಾನು ಕೆಲಸಕ್ಕೆ ಓಗಿರುವಾಗ ಬೆಂಕಿ ಇಡ್ಕೊಂಡ್ರೆ ಅವಳನ್ನ ಯಾರು ಎತ್ಕೊಂಡು ಆಚೆ ತತ್ತಾರೆ?”

“ನಾನೇ ಎತ್ಕೊಂಡು ಬತ್ತೀನಿ ಕಣಪ್ಪ,” ಅಂದರು ಗಂಗತ್ತೆ.

“ನಿನ್ನ ಮಂಡಿ ನಿನ್ನನ್ನೇ ಎತ್ತಲ್ಲ, ನಮ್ಮಮ್ಮನ್ನ ಎತ್ತತೈತಾ? ಆಟಾಡ್ಬೇಡಕ್ಕ. ಸೋಮವಾರದೊಳಗೆ ಇದು ಸರಿಯಾಗ್ಬೇಕು. ಇಲ್ಲಾಂದ್ರೆ ಗ್ರೈಂಡರ್ ಈ ಲೈನಿಂದ ಆಚೆ ಓಗ್ಬೇಕು. ಎಲ್ಲರನ್ನೂ ಕೇಳಿಬಿಟ್ಟೇ ಏಳ್ತಿದೀನಿ.”

ಬಾಗಿಲಲ್ಲಿ ನಿಂತವರು ಯಾರೂ ಇಲ್ಲ ಅನ್ನಲಿಲ್ಲ. ಗಂಗತ್ತೆ ಸೆರಗಿನಿಂದ ಕೈ ಒರೆಸಿಕೊಂಡರು. ಗ್ರೈಂಡರ್ ಆಚೆ ಹೋದರೆ ಇಡಲು ಅವರಿಗೆ ಬೇರೆ ಜಾಗವಿಲ್ಲ. ಸೆಲ್ವರಾಜನ ಹೆದರಿಕೆಯೂ ಸುಳ್ಳಲ್ಲ.

ಅಷ್ಟರಲ್ಲಿ ಗಂಗತ್ತೆಯ ಗಂಡ ಮುನಿಶಾಮಿ ಮಾಮ ತಮ್ಮ ತಗಡಿನ ಪೆಟ್ಟಿಗೆ ಹಿಡಿದು ಬಂದರು. ಮೈಸೂರು ಮೈನ್ಸ್‌ನ ಚಿನ್ನದ ಗಣಿಯಲ್ಲಿ ಹದಿನೆಂಟು ವರ್ಷ ನೆಲದೊಳಗೆ ಬಂಡೆ ಸಿಡಿಸುವ ಕೆಲಸ ಮಾಡಿದವರು. ಗಣಿ ಮುಚ್ಚಿದ ಮೇಲೆ ಲೈನಿನಲ್ಲಿ ಯಾರ ಫ್ಯಾನು ನಿಂತರೂ, ಯಾರ ಸ್ವಿಚ್ಚು ಮುರಿದರೂ ಅವರೇ ಹೋಗುತ್ತಾರೆ. ಒಂದು ಲೋಟ ಟೀ ಕೊಟ್ಟರೆ ಸಾಕು.

“ಈಗಿನ ವೈರೆಲ್ಲ ಬರೀ ಕಸ,” ಅಂದರು. “ಕಂಪನಿ ಕಾಲದ ವೈರ್ ಆಗಿದ್ರೆ ಮೊಮ್ಮಕ್ಕಳ ಕಾಲಕ್ಕೂ ಇರೋದು. ಏ ಸೆಲ್ವ, ಓಗಿ ಅಂಗಿ ಆಕ್ಕೊಂಡು ಡ್ಯೂಟಿಗೆ ಓಗು. ಅರ್ಧ ಗಂಟೇಲಿ ಸರಿ ಮಾಡ್ತೀನಿ.”

“ಓದ ಸಲನೂ ಇದೇ ಏಳಿದ್ರಿ ಅಣ್ಣ.”

“ಓದ ಸಲ ವೈರ್ ಸರಿ ಇರ್ಲಿಲ್ಲ.”

“ಅದಕ್ಕೂ ಮುಂಚಿನ ಸಲ?”

“ಓಲ್ಟೇಜ್ ಸರಿ ಇರ್ಲಿಲ್ಲ.”

ಸೆಲ್ವರಾಜ್ ತಲೆ ಅಲ್ಲಾಡಿಸಿ ಹೋದ. ನಾನು ರೈಲು ತಪ್ಪಿದರೆ ತಪ್ಪಲಿ ಎಂದು ಅಲ್ಲೇ ನಿಂತೆ. ಮಾಮ ಕೆಲಸ ಮಾಡುವುದನ್ನು ನೋಡಬೇಕಿತ್ತು.

ವೈರಿನ ತುದಿಗೆ ಹಾಕುವ ತಾಮ್ರದ ಸಣ್ಣ ತುಂಡಿಗೆ ಅಂಗಡಿಯವರು ತಿಂಬಲ್ ಅನ್ನುತ್ತಾರೆ, ಲಗ್ ಅಂತಲೂ ಅನ್ನುತ್ತಾರೆ. ಅದರ ಒಂದು ಕಡೆ ಕೊಳವೆ, ಇನ್ನೊಂದು ಕಡೆ ಬೋಲ್ಟ್ ಕೂರುವ ತೂತು. ವೈರನ್ನು ಕೊಳವೆಯೊಳಗೆ ತೂರಿಸಿ, ಹೊರಗಿನಿಂದ ಬಲವಾಗಿ ಒತ್ತಿ, ಆಮೇಲೆ ಮೋಟರಿನ ಬೋಲ್ಟಿಗೆ ಕೂರಿಸಬೇಕು. ಒತ್ತುವ ಕೆಲಸಕ್ಕೆ ಕ್ರಿಂಪಿಂಗ್ ಅನ್ನುತ್ತಾರೆ.

ಮಾಮ ಸುಟ್ಟ ತುದಿಯನ್ನು ಕತ್ತರಿಸಿ ಬಿಸಾಡಿದರು. ಹೊಸ ತಿಂಬಲ್ ತೆಗೆದರು. ಅದು ವೈರಿಗಿಂತ ದೊಡ್ಡದಿತ್ತು, ವೈರು ಒಳಗೆ ಲೊಡಲೊಡ ಆಡುತ್ತಿತ್ತು. ಮಾಮ ವೈರಿನ ಎಳೆಗಳನ್ನು ಎರಡು ಮಡಿಕೆ ಮಾಡಿ ತುರುಕಿದರು. ಆಮೇಲೆ ಪೆಟ್ಟಿಗೆಯ ತಳದಿಂದ ಬಟ್ಟೆ ಸುತ್ತಿದ ಒಂದು ಇಕ್ಕಳ ತೆಗೆದರು. ಅದು ಅವರ ಗಣಿಯ ಕಾಲದ್ದು.

ಬಂಡೆಯೊಳಗಿನ ಮದ್ದಿಗೆ ಕಿಡಿ ಕೊಡುವ ಸಣ್ಣ ಲೋಹದ ಕೊಳವೆಗೆ ಕೇಪು ಎನ್ನುತ್ತಾರೆ. ಬತ್ತಿಯನ್ನು ಕೇಪಿನೊಳಗೆ ಸೇರಿಸಿ, ಜಾರದ ಹಾಗೆ ಬಾಯಿ ಒತ್ತುವುದಕ್ಕೆಂದೇ ಮಾಡಿದ ಇಕ್ಕಳ ಅದು. ಹೊಳೆಯುತ್ತಿತ್ತು. ಮಾಮ ಅದಕ್ಕೆ ತಿಂಗಳಿಗೊಮ್ಮೆ ಎಣ್ಣೆ ಹಚ್ಚುತ್ತಾರೆ.

“ಇದರಲ್ಲಿ ಎಷ್ಟು ಸಾವಿರ ಕೇಪು ಒತ್ತಿದೀನಿ ಗೊತ್ತಾ? ಒಂದೂ ಕೈ ಕೊಟ್ಟಿಲ್ಲ,” ಎಂದು ತಿಂಬಲಿನ ಕತ್ತಿಗೆ ಒತ್ತಿದರು. ಅದರ ಮೇಲೆ ಉಂಗುರದ ಹಾಗೆ ಒಂದು ಸಣ್ಣ ಗೆರೆ ಬಿತ್ತು.

“ಮಾಮ, ತಿಂಬಲ್ ಸ್ವಲ್ಪ ದೊಡ್ಡದಾಯ್ತಾ?” ಅಂದೆ. ನನ್ನ ದನಿ ನನಗೇ ಸರಿಯಾಗಿ ಕೇಳಲಿಲ್ಲ.

“ಸಣ್ಣದು ಆಕಿದ್ರೆ ಈ ಇಕ್ಕಳಕ್ಕೆ ಸಿಗಲ್ಲ ಕಣಮ್ಮಾಯಿ. ಇದರ ಬಾಯಿಗೆ ಈ ಸೈಜೇ ಸರಿ.”

ಅವರು ಬಿಸಾಡಿದ ಸುಟ್ಟ ತುದಿಯನ್ನು ಎತ್ತಿ ಕಾಗದದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ.

ನಾನು ಕೆಲಸ ಮಾಡುವುದು ಬಂಗಾರಪೇಟೆಯಲ್ಲಿ, ತ್ರಿವೇಣಿ ಅಕ್ಕನ ಅಂಗಡಿಯಲ್ಲಿ. ತ್ರಿವೇಣಿ ಅಕ್ಕ ಐಟಿಐ ಓದಿ, ಲೈಸೆನ್ಸ್ ತೆಗೆದುಕೊಂಡು, ಮೋಟರಿಗೆ ಪ್ಯಾನೆಲ್ ಬೋರ್ಡ್ ಕಟ್ಟಿಕೊಡುತ್ತಾರೆ. ನಾನು ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಅಲ್ಲಿ ವೈರು ಕತ್ತರಿಸಿ, ನಂಬರ್ ಹಾಕಿ ಕೊಡುತ್ತೇನೆ.

ಕಾಗದ ಬಿಚ್ಚಿ ಮುಂದಿಟ್ಟಾಗ ಅಕ್ಕ ಕನ್ನಡಕ ಹಾಕಿಕೊಂಡು ನೋಡಿದರು.

“ಯಾರೇ ಇದನ್ನ ಒತ್ತಿದ್ದು? ಇಲಿ ಕಚ್ಚಿದ ಹಾಗಿದೆಯಲ್ಲ!”

ನಾನು ಮಾಮನ ಇಕ್ಕಳದ ವಿಷಯ ಹೇಳಿದೆ. ಅಕ್ಕ ನಗಲಿಲ್ಲ. ತಿಂಬಲನ್ನು ಎರಡು ಬೆರಳಲ್ಲಿ ಹಿಡಿದು ವೈರನ್ನು ಎಳೆದರು. ತೊಗರಿಕಾಯಿ ಸುಲಿದಷ್ಟು ಸುಲಭವಾಗಿ ಅದು ಕೈಗೆ ಬಂತು. ಒಳಗೆಲ್ಲ ಕರ್ರಗಾಗಿತ್ತು.

“ನೋಡು ನವ್ಯಾ. ಬೆಳಿಗ್ಗೆ ನಮ್ಮ ಸ್ಟೇಷನ್ನಿಗೆ ರೈಲು ಬಂದಾಗ ಬೋಗಿಯ ಒಂದು ಬಾಗಿಲು ತೆರೆಯದೇ ಇದ್ರೆ ಏನಾಗತ್ತೆ?”

“ಇರೋ ಬಾಗಿಲಲ್ಲೇ ಎಲ್ಲರೂ ನುಗ್ತಾರೆ.”

“ಮೈ ಬಿಸಿ ಏರತ್ತಾ ಇಲ್ವಾ?”

“ಏರತ್ತೆ ಅಕ್ಕ. ಜಗಳಾನೂ ಆಗತ್ತೆ.”

“ಇಲ್ಲೂ ಅಷ್ಟೇ. ವೈರಿನ ಎಲ್ಲಾ ಎಳೇನೂ ತಿಂಬಲಿಗೆ ಗಟ್ಟಿಯಾಗಿ ಅಂಟಿದ್ರೆ ಕರೆಂಟು ಆರಾಮಾಗಿ ದಾಟತ್ತೆ. ಇಲ್ಲಿ ನೋಡು, ಒಂದು ಗೆರೆ ಇರೋ ಕಡೆ ಮಾತ್ರ ತಾಗಿದೆ. ಗ್ರೈಂಡರಿಗೆ ಬೇಕಾದ ಅಷ್ಟೂ ಕರೆಂಟು ಈ ಇಷ್ಟಗಲದಲ್ಲಿ ನುಗ್ಗಬೇಕು. ಬಿಸಿ ಆಗತ್ತೆ, ಬಿಸಿ ಆಗಿ ಇನ್ನೂ ಸಡಿಲ ಆಗತ್ತೆ, ಕೊನೆಗೆ ಮೇಲಿನ ಪ್ಲಾಸ್ಟಿಕ್ ಕರಗಿ ಬೆಂಕಿ. ವೈರಿನ ತಪ್ಪೂ ಅಲ್ಲ, ವೋಲ್ಟೇಜಿನ ತಪ್ಪೂ ಅಲ್ಲ.”

“ಇವತ್ತು ಬೆಳಿಗ್ಗೆ ಮತ್ತೆ ಅದರಲ್ಲೇ ಒತ್ತಿದ್ದಾರೆ ಅಕ್ಕ.”

ಅಕ್ಕ ಕನ್ನಡಕ ತೆಗೆದರು. “ನೀನು ಹೇಳಲಿಲ್ವಾ?”

“ಸಣ್ಣದಾಗಿ ಹೇಳಿದೆ.”

“ಬೆಂಕಿ ಸಣ್ಣದಾಗಿ ಹತ್ತಲ್ಲ ನವ್ಯಾ. ನಾನು ಭಾನುವಾರ ಟೂಲ್ ತಗೊಂಡು ಬರ್ತೀನಿ. ಅಲ್ಲೀವರೆಗೂ ಗ್ರೈಂಡರ್ ಹಾಕಬಾರದು ಅಂತ ಈಗಲೇ ಫೋನ್ ಮಾಡಿ ಹೇಳು. ದೊಡ್ಡದಾಗಿ ಹೇಳು.”

ನಾನು ಅಂಗಡಿಯ ಹಿಂದೆ ಹೋಗಿ ಫೋನ್ ಮಾಡಿದೆ. ಗಂಗತ್ತೆ ಎಲ್ಲ ಕೇಳಿಸಿಕೊಂಡು, “ಆಯ್ತು ಕಣೇ, ನಿಲ್ಲಿಸ್ತೀನಿ,” ಅಂದರು. ಹಿಂದಿನಿಂದ ಮಾಮನ ದನಿ ಕೇಳಿತು. “ಯಾರದು? ನಾನು ಒತ್ತಿದ್ದು ಸರಿ ಇಲ್ಲ ಅಂತಾಳಾ? ನಿನ್ನೆ ಮೊನ್ನೆ ಕಣ್ಣು ಬಿಟ್ಟ ಕೂಸು!”

ಮೂರು ದಿನ ಸಂಘದವರು ಹಿತ್ತಲಿನ ಒರಳುಕಲ್ಲಿನಲ್ಲಿ ಸರದಿ ಮೇಲೆ ರುಬ್ಬಿದರು. ಒಂದು ಹೋಟೆಲಿನವರು, ಸೋಮವಾರದಿಂದ ಬೇರೆ ಕಡೆ ತರಿಸಿಕೊಳ್ಳುತ್ತೇವೆ ಎಂದು ಹೇಳಿ ಕಳಿಸಿದರು. ಮಾಮ ನನ್ನನ್ನು ನೋಡಿದರೆ ಮುಖ ತಿರುಗಿಸುತ್ತಿದ್ದರು.

ಭಾನುವಾರ ಹತ್ತು ಗಂಟೆಗೆ ತ್ರಿವೇಣಿ ಅಕ್ಕನ ಸ್ಕೂಟರ್ ಬಂತು. ಲೈನಿನವರೆಲ್ಲ ಜಗಲಿಗೆ ಬಂದರು. ಮಾಮ ಮಾತ್ರ ಕುರ್ಚಿಯಿಂದ ಏಳಲಿಲ್ಲ.

“ನಮಸ್ಕಾರ ಮಾಮ. ನಾನು ನವ್ಯಳ ಅಂಗಡಿಯವಳು.”

“ಗೊತ್ತಾಯ್ತು. ಎಂಗಸರು ಕರೆಂಟ್ ಕೆಲಸಕ್ಕೂ ಬಂದ್ರಾ?”

“ಬಂದು ಹದಿಮೂರು ವರ್ಷ ಆಯ್ತು. ನಿಮಗೆ ತಡವಾಗಿ ಗೊತ್ತಾಯ್ತು.”

ಗಂಗತ್ತೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕರು. ಅಕ್ಕ ಮೊದಲು ಮೈನ್ ಆಫ್ ಮಾಡಿ, ಫ್ಯೂಸ್ ಕಿತ್ತು ತಮ್ಮ ಜೇಬಿಗೆ ಹಾಕಿಕೊಂಡರು. ಟೆಸ್ಟರ್ ಇಟ್ಟು ಕರೆಂಟ್ ಇಲ್ಲ ಎಂದು ನೋಡಿದರು. ಆಮೇಲೆ ಬ್ಯಾಗಿನಿಂದ ಒಂದು ಉದ್ದ ಹಿಡಿಯ ಟೂಲ್ ತೆಗೆದರು. ಅದರ ಬಾಯಲ್ಲಿ ಸಾಲಾಗಿ ಹಲ್ಲುಗಳು, ಪ್ರತಿ ಹಲ್ಲಿನ ಪಕ್ಕ ಒಂದೊಂದು ನಂಬರ್.

“ಮಾಮ, ನಾನು ಏನೂ ಹೇಳಲ್ಲ. ಒಂದೇ ವೈರಿನ ಎರಡು ತುಂಡು ತಂದಿದ್ದೀನಿ. ಒಂದಕ್ಕೆ ನಿಮ್ಮ ಇಕ್ಕಳದಲ್ಲಿ ನೀವು ತಿಂಬಲ್ ಒತ್ತಿ. ಇನ್ನೊಂದಕ್ಕೆ ನಾನು ಒತ್ತುತ್ತೀನಿ. ಎರಡಕ್ಕೂ ಭಾರ ಕಟ್ಟಿ ತೂಗುಹಾಕೋಣ. ಯಾವುದು ನಿಲ್ಲತ್ತೋ ನೋಡೋಣ.”

ಮಾಮ ಎದ್ದರು. ಪಂದ್ಯ ಎಂದರೆ ಬಿಡುವವರಲ್ಲ.

“ಭಾರಕ್ಕೆ ಒಂದು ಕೊಡ ನೀರು ತರಲಾ?” ಎಂದು ಯಾರೋ ಕೇಳಿದರು.

“ನೀರಾ!” ಗಂಗತ್ತೆ ಕೂಗಿದರು. “ನಲ್ಲಿ ಬಂದು ಒಂಬತ್ತು ದಿನ ಆಗೈತೆ. ಯಾವಳಾದ್ರೂ ನೀರು ಮುಟ್ಟಿದ್ರೆ ನೋಡಿ!”

ಸೆಲ್ವರಾಜ್ ಒಂದು ಕಬ್ಬಿಣದ ಬಕೀಟಿಗೆ ಕಲ್ಲುಚಪ್ಪಡಿಯ ತುಂಡುಗಳನ್ನು ತುಂಬಿ ತಂದ. ಜಗಲಿಯ ಜಂತಿಯ ಕೊಕ್ಕೆಗೆ ಮಾಮನ ತಿಂಬಲ್ ಸಿಕ್ಕಿಸಿ, ವೈರಿನ ಇನ್ನೊಂದು ತುದಿಗೆ ಬಕೀಟು ಕಟ್ಟಿ, ಮೆಲ್ಲಗೆ ಕೈಬಿಟ್ಟರು. ಬಕೀಟು ಒಂದು ಸುತ್ತು ತಿರುಗಿತು. ಆಮೇಲೆ ದಡ್ ಎಂದು ನೆಲಕ್ಕೆ ಬಿತ್ತು. ಮೇಲೆ ಕೊಕ್ಕೆಯಲ್ಲಿ ತಿಂಬಲ್ ಒಂದೇ ನೇತಾಡುತ್ತಿತ್ತು.

“ಎಳೆ ಸರಿಯಾಗಿ ಮಡಿಸಿರ್ಲಿಲ್ಲ,” ಅಂದರು ಮಾಮ. “ಇನ್ನೊಂದ್ಸಲ.”

ಇನ್ನೊಂದು ಸಲ ಒತ್ತಿದರು. ಕತ್ತಿನ ನರ ಉಬ್ಬುವ ಹಾಗೆ ಒತ್ತಿದರು. ಅದೂ ಬಿತ್ತು.

ಈಗ ಅಕ್ಕನದು. ಅವರು ವೈರಿನ ಮೇಲಿದ್ದ ದಪ್ಪದ ನಂಬರನ್ನು ಮಾಮನಿಗೆ ತೋರಿಸಿದರು. “ಇದು ಆರರ ವೈರು. ಆರರ ತಿಂಬಲ್ ತಗೊಂಡೆ. ಟೂಲಿನಲ್ಲಿ ಆರರ ಹಲ್ಲು. ಮೂರೂ ಒಂದೇ ನಂಬರ್. ನೀವು ಹಾಕಿದ್ದು ಹತ್ತರ ತಿಂಬಲ್ ಮಾಮ. ಇಕ್ಕಳಕ್ಕೆ ಸಿಗಲಿ ಅಂತ ತಿಂಬಲ್ ಆರಿಸಿದ್ರಿ. ವೈರ್ ನೋಡಿ ಆರಿಸಬೇಕು.” ಎಳೆ ತುಂಡಾಗದ ಹಾಗೆ ಮೇಲಿನ ಪ್ಲಾಸ್ಟಿಕ್ ಸುಲಿದರು. ಒಂದು ಎಳೆಯೂ ಹೊರಗುಳಿಯದಂತೆ ವೈರನ್ನು ಕೊಳವೆಯ ತುದಿಯವರೆಗೆ ತೂರಿಸಿದರು. ಒತ್ತಿದರು. ಟೂಲ್ ಕಟಕಟ ಅಂದು ಕೊನೆಗೆ ತಾನಾಗಿ ಬಾಯಿ ತೆರೆಯಿತು.

ಬಕೀಟು ನೇತುಹಾಕಿದರು. ನಿಂತಿತು. ಸೆಲ್ವರಾಜ್ ಬಕೀಟಿನ ಅಂಚು ಹಿಡಿದು ಕೆಳಗೆ ಜಗ್ಗಿದ. ಆಗಲೂ ನಿಂತಿತು.

“ಜಂತಿ ಕಿತ್ತು ಬಂದೀತು, ಬಿಡೋ!” ಅಂದರು ಗಂಗತ್ತೆ.

ಆದರೂ ಮಾಮ ಒಪ್ಪಲಿಲ್ಲ. ಕುರ್ಚಿಗೆ ವಾಪಸ್ಸು ಹೋಗಿ ಕೂತರು. “ಅಂಗಡಿಯೋರಿಗೆ ಟೂಲ್ ಮಾರಬೇಕು. ಅದಕ್ಕೆ ಇಷ್ಟೆಲ್ಲ ಸರ್ಕಸ್ಸು. ಇದು ಮೈನ್ಸಿನ ಇಕ್ಕಳ. ಇದನ್ನ ಕೆಟ್ಟದ್ದು ಅನ್ನೋರು ಯಾರೂ ಉಟ್ಟಿಲ್ಲ.”

ಅಕ್ಕ ನನ್ನ ಕಡೆ ನೋಡಿದರು. ಎಲ್ಲರೂ ಮಾಮನನ್ನು ನೋಡುತ್ತಿದ್ದರು. ಇಕ್ಕಳ ಅವರ ತೊಡೆಯ ಮೇಲಿತ್ತು, ಅದರ ಮೇಲೆ ಕೈ ಇಟ್ಟುಕೊಂಡಿದ್ದರು. ಗುರುವಾರದಿಂದ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಇತ್ತು.

“ಮಾಮ, ಮೈನ್ಸ್ ಒಳಗೆ ಕೇಪು ಒತ್ತೋಕೆ ನೀವು ಕಟಿಂಗ್ ಪ್ಲೇಯರ್ ಇಟ್ಕೊಳ್ತಿದ್ರಾ?”

ಮಾಮ ನೆಟ್ಟಗೆ ಕೂತರು.

“ಏನಮ್ಮಾಯಿ ಇಂಗೆ ಕೇಳ್ತೀಯ? ಕೇಪಿಗೆ ಪ್ಲೇಯರಾ? ಒಬ್ಬ ಅಂಗೆ ಮಾಡಕ್ಕೆ ಓದ, ಕೆನ್ನೆಗೆ ಬಿಟ್ಟಿದ್ದೆ. ತಪ್ಪು ಜಾಗದಲ್ಲಿ ಒತ್ತಿದ್ರೆ ಕೈಯೇ ಇರಲ್ಲ. ಜಾಸ್ತಿ ಒತ್ತಿದ್ರೆ ಒಳಗಿರೋ ಬತ್ತಿ ಇಸುಕಿ ಸತ್ತೋಯ್ತದೆ, ಕಿಡಿನೇ ಓಗಲ್ಲ. ಅದಕ್ಕೇ ಕೇಪಿಗೆ ಅಂತ ಈ ಇಕ್ಕಳ ಮಾಡಿರೋದು. ಬತ್ತಿ ಜಾರಬಾರ್ದು, ಇಸುಕಲೂಬಾರ್ದು. ಎಷ್ಟು ಬೇಕೋ ಅಷ್ಟೇ ಒತ್ತತೈತೆ. ಒಂದು ಕೆಲಸಕ್ಕೆ ಅಂತ ಮಾಡಿರೋದನ್ನ ಬಿಟ್ಟು ಬೇರೇದು ಮುಟ್ಟಿದ್ರೆ...”

ಅವರ ಮಾತು ನಿಂತಿತು. ಮಾಮ ತೊಡೆಯ ಮೇಲಿದ್ದ ಇಕ್ಕಳ ನೋಡಿದರು, ನೆಲದಲ್ಲಿ ಬಿದ್ದಿದ್ದ ತಮ್ಮ ವೈರು ನೋಡಿದರು.

“ಅಷ್ಟೇ ಒತ್ತತೈತೆ,” ಅಂದರು ಮೆಲ್ಲಗೆ. “ಮೆತ್ತಗೆ ಒತ್ತಲಿ ಅಂತ್ಲೇ ಮಾಡಿರೋದು. ನಾನು ಇದರಲ್ಲಿ ತಾಮ್ರ ಅದುಮಕ್ಕೆ ಓಗಿದೀನಿ.”

“ಇಕ್ಕಳ ಕೆಟ್ಟದ್ದಲ್ಲ ಮಾಮ,” ಅಂದೆ. “ಅದರ ಕೆಲಸ ಇದಲ್ಲ.”

ಮಾಮ ನನ್ನನ್ನು ಮೊದಲ ಸಲ ನೋಡುವವರಂತೆ ನೋಡಿದರು. “ಮೂರು ದಿನದಿಂದ ಇದನ್ನ ಒಟ್ಟೇಲಿ ಇಟ್ಕೊಂಡಿದ್ಯಾ? ಗುರುವಾರನೇ ಕೇಳಿದ್ರೆ ನಿಮ್ಮತ್ತೆ ಒರಳಲ್ಲಿ ರುಬ್ಬೋದು ತಪ್ಪೋದಲ್ಲ!”

“ನೀವು ಬಿಟ್ರೆ ತಾನೆ ಅವಳು ಕೇಳೋದು?” ಅಂದರು ಗಂಗತ್ತೆ.

ಮಾಮ ಇಕ್ಕಳಕ್ಕೆ ಬಟ್ಟೆ ಸುತ್ತಿ ಪೆಟ್ಟಿಗೆಗೆ ಹಾಕಿದರು. ಅಕ್ಕನ ಮುಂದೆ ಕೈ ಚಾಚಿದರು. “ತಾರಮ್ಮ ಅದನ್ನ. ಎಂಗೆ ಇಡೀಬೇಕು ತೋರ್ಸು.”

ಅಕ್ಕ ಟೂಲ್ ಕೊಟ್ಟು ಪಕ್ಕದಲ್ಲಿ ನಿಂತರು. ಮಾಮ ತಿಂಬಲನ್ನು ಹಲ್ಲಿನ ನಡುವೆ ಇಟ್ಟು ಅರ್ಧ ಒತ್ತಿ, ನೋಡೋಣ ಎಂದು ಬಿಡಲು ಹೋದರು. ಟೂಲ್ ಬಿಡಲಿಲ್ಲ.

“ಇದೇನಮ್ಮ, ಕಚ್ಕೊಂಡುಬಿಡ್ತು?”

“ಪೂರ್ತಿ ಒತ್ತೋವರೆಗೂ ಬಾಯಿ ಬಿಡಲ್ಲ ಮಾಮ. ಅರ್ಧ ಒತ್ತಿ ಸಾಕು ಅಂತ ಯಾರೂ ಮೋಸ ಮಾಡಬಾರದು ಅಂತ ಹಾಗೆ ಮಾಡಿರೋದು. ಕೈ ಸೋತಿದ್ರೂ ಕೊನೇವರೆಗೂ ಒತ್ತಲೇಬೇಕು.”

“ನಮ್ಮನೇಲೂ ಒಂದು ಇಂಗೇ ಐತೆ,” ಅಂದರು ಗಂಗತ್ತೆ. “ಇಡಿದ್ರೆ ಬಿಡಲ್ಲ.”

ಜಗಲಿಯೆಲ್ಲ ನಕ್ಕಿತು. ಮಾಮನೂ ನಕ್ಕರು. ಕಟಕಟ ಎಂದು ಕೊನೆಯವರೆಗೆ ಒತ್ತಿದರು. ಬಕೀಟು ನೇತುಹಾಕಿದರೆ ಅದು ಅಲ್ಲಾಡದೆ ನಿಂತಿತು.

ಆಮೇಲೆ ಅಕ್ಕ ಗ್ರೈಂಡರಿಗೆ ಕೈ ಹಾಕಿದರು. ಕಪ್ಪಾದ ತಾಮ್ರ ಒಂದಿಷ್ಟೂ ಉಳಿಯದ ಹಾಗೆ ವೈರನ್ನು ಹಿಂದಕ್ಕೆ ಕತ್ತರಿಸಿದರು. ಮೋಟರಿನ ಕಡೆಯೂ ಸ್ವಿಚ್ಚಿನ ಕಡೆಯೂ ಆರರ ತಿಂಬಲ್ ಹಾಕಿದರು. ಒಂದೊಂದು ಒತ್ತಿದ ಮೇಲೂ ಕೈಯಿಂದ ಎಳೆದು ನೋಡಿದರು. ಕೊಳವೆಯ ಮೇಲೆ ಪ್ಲಾಸ್ಟಿಕ್ ಸ್ಲೀವ್ ಹಾಕಿ, ಬೋಲ್ಟ್ ಬಿಗಿ ಮಾಡಿದರು. ಅರ್ತ್ ವೈರು ಸಡಿಲವಾಗಿದ್ದನ್ನೂ ಸರಿಪಡಿಸಿದರು. ಮಾಮ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, “ಇದ್ಯಾಕೆ? ಅದ್ಯಾಕೆ?” ಎಂದು ಕೇಳುತ್ತಲೇ ಇದ್ದರು. ಫ್ಯೂಸ್ ಹಾಕಿದ್ದು ಕೊನೆಗೆ.

ಗ್ರೈಂಡರ್ ತುಂಬ ನೆನೆಸಿದ ಅಕ್ಕಿ ಹಾಕಿ ಒಂದು ಗಂಟೆ ಓಡಿಸಿದರು. ಯಾರೂ ಮನೆಗೆ ಹೋಗಲಿಲ್ಲ. ಸೆಲ್ವರಾಜ್ ಗೋಡೆಗೆ ಮೂಗು ಹತ್ತಿರ ಹಿಡಿದು ವಾಸನೆ ನೋಡುತ್ತಿದ್ದ. ಗಂಟೆಯಾದ ಮೇಲೆ ನಿಲ್ಲಿಸಿ, ಮೈನ್ ಆಫ್ ಮಾಡಿ, ಫ್ಯೂಸ್ ಕಿತ್ತು, ಟೆಸ್ಟರ್ ಇಟ್ಟು ನೋಡಿದ ಮೇಲೆ ಅಕ್ಕ ಅವನನ್ನೇ ಕರೆದರು.

“ಈಗ ಕರೆಂಟ್ ಇಲ್ಲ. ಬೆರಳಿಟ್ಟು ನೋಡಪ್ಪ.”

ಅವನು ಹೆದರುತ್ತ ಬೆರಳಿಟ್ಟ. ಆಮೇಲೆ ಅಂಗೈ ಇಟ್ಟ.

“ತಣ್ಣಗೈತೆ ಅಕ್ಕಾ,” ಎಂದು ಗಂಗತ್ತೆಗೆ ಹೇಳಿದ. “ನಾನು ಅಂಗೆಲ್ಲ ಮಾತಾಡಿದ್ದು ಅಮ್ಮನಿಗೋಸ್ಕರ.”

“ನಮ್ಮಮ್ಮ ಆಗಿದ್ರೆ ನಾನೂ ಅಂಗೇ ಮಾತಾಡ್ತಿದ್ದೆ ಬಿಡು. ಅಂದ್ರೆ ಗ್ರೈಂಡರ್ ಇಲ್ಲೇ ಇರ್ಲಾ?”

“ಇರ್ಲಿ ಇರ್ಲಿ. ನಾಳೆಯಿಂದ ನಮ್ಮನೆ ದೋಸೆ ಇಟ್ಟೂ ಇಲ್ಲೇ.”

ಅಲ್ಲಿಗೆ ಮುಗಿಯಿತು ಎಂದುಕೊಂಡೆವು. ಮಾಮನಿಗೆ ಮುಗಿದಿರಲಿಲ್ಲ. “ಸೆಲ್ವ, ನಿನ್ನ ನೀರಿನ ತೊಟ್ಟಿ ಮೋಟರ್ ವೈರು ಯಾರು ಕಟ್ಟಿದ್ದು?” ಎಂದು ಕೇಳಿದರು.

“ನಾನೇ. ಸುತ್ತಿ ಟೇಪ್ ಆಕಿದೀನಿ. ಯಾಕಣ್ಣ?”

ಮಾಮ, ಅಕ್ಕ, ನಾನು ಅವನ ಮನೆಗೆ ಹೋದೆವು. ಅವನ ತಾಯಿಯ ಮಂಚದ ತಲೆಯ ಕಡೆ, ಗೋಡೆಯ ಮೇಲೆ ಎರಡು ವೈರುಗಳನ್ನು ಹಗ್ಗದ ಹಾಗೆ ಹೊಸೆದು ಟೇಪ್ ಸುತ್ತಿತ್ತು. ಟೇಪ್ ಕಂದು ಬಣ್ಣಕ್ಕೆ ತಿರುಗಿತ್ತು. ಅಕ್ಕ ಮೈನ್ ಆಫ್ ಮಾಡಿ ಪರೀಕ್ಷೆ ಮಾಡಿ ಟೇಪ್ ಬಿಚ್ಚಿದರೆ ಒಳಗಿನ ಪ್ಲಾಸ್ಟಿಕ್ ಕರಗಿ ಅಂಟಿಕೊಂಡಿತ್ತು.

ಸೆಲ್ವರಾಜ್ ಮಂಚದ ಅಂಚಿನಲ್ಲಿ ಕೂತು ತಾಯಿಯ ಕಾಲು ಹಿಡಿದುಕೊಂಡ.

“ಈಗ ನಿನ್ನ ಮೋಟರ್ ಲೈನಿಂದ ಆಚೆ ಆಕೋಣ್ವಾ?” ಎಂದು ಮಾಮ ಕೇಳಿದರು. ಆಮೇಲೆ ಅವನ ಭುಜ ತಟ್ಟಿದರು. “ಏಳೋ. ಸರಿ ಮಾಡೋಣ. ನಾನೂ ಮೂರು ಸಲ ಸುಟ್ಟಿದೀನಿ.”

ಎರಡು ವೈರು ಸೇರಿಸಲು ಬೇರೆ ಥರದ ತಿಂಬಲ್ ಇದೆ, ಎರಡೂ ಕಡೆ ಕೊಳವೆಯಿರುವಂಥದ್ದು. ಅಕ್ಕ ಅದನ್ನೇ ಹಾಕಿದರು. ಆ ವೈರು ಎರಡೂವರೆಯದು, ಹಾಗಾಗಿ ಟೂಲಿನಲ್ಲೂ ಎರಡೂವರೆಯ ಹಲ್ಲು. ಒತ್ತಿದ್ದು ಮಾಮ. ಒತ್ತಿದ ಮೇಲೆ ಎಳೆದು ನೋಡಿದ್ದು ಸೆಲ್ವರಾಜ್, ಒಂದು ಸಲವಲ್ಲ, ಐದು ಸಲ. ಅದರ ಮೇಲೆ ಸ್ಲೀವ್ ಹಾಕಿ, ಮುಚ್ಚಳವಿರುವ ಪೆಟ್ಟಿಗೆಯೊಳಗೆ ಅದನ್ನು ಇಟ್ಟರು. ಅವನ ತಾಯಿ ಮಲಗಿದ್ದಲ್ಲೇ ಎಲ್ಲ ನೋಡುತ್ತಿದ್ದರು. ಕೊನೆಗೆ, “ಎಲ್ಲರಿಗೂ ಟೀ ಆಕಪ್ಪ,” ಅಂದರು.

ಅವತ್ತು ಸಂಜೆಯೊಳಗೆ ಎಂಟೂ ಮನೆ ನೋಡಿದೆವು. ಐದು ಮನೆಯಲ್ಲಿ ಒಂದಲ್ಲ ಒಂದು ಕಡೆ ಹೊಸೆದು ಟೇಪ್ ಹಾಕಿದ ವೈರು ಸಿಕ್ಕಿತು. ಒಂದು ಕಡೆ ತಿಂಬಲನ್ನು ಸುತ್ತಿಗೆಯಿಂದ ಜಜ್ಜಿದ್ದರು. ಹೊರಡುವಾಗ ಅಕ್ಕ ಮಾಮನಿಗೆ ಕಟ್ಟುನಿಟ್ಟಾಗಿ ಹೇಳಿದರು: “ಮೈನ್ ಬೋರ್ಡಿನ ಕೆಲಸ ಲೈಸೆನ್ಸ್ ಇರೋರೇ ಮಾಡಬೇಕು ಮಾಮ. ಆದರೆ ಒತ್ತಿದ್ದು ಸರಿ ಇದೆಯೋ ಇಲ್ವೋ ನೋಡೋಕೆ ನಿಮ್ಮಂಥ ಕಣ್ಣು ಬೇಕು. ಅದನ್ನ ನೀವು ಮಾಡಿ.” ಈಗ ಯಾರ ಮನೆಗೆ ಎಲೆಕ್ಟ್ರಿಷಿಯನ್ ಬಂದರೂ ಮಾಮ ಹೋಗಿ ಪಕ್ಕದಲ್ಲಿ ಕೂರುತ್ತಾರೆ. ಹೋಟೆಲಿನವರು ಸೋಮವಾರ ಹಿಟ್ಟು ಗಂಗತ್ತೆಯಿಂದಲೇ ತರಿಸಿಕೊಂಡರು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಈಗ ನಿಮ್ಮ ಮನೆಯ ಮಾತು. ನಿಮ್ಮಲ್ಲೂ ನೀರಿನ ಮೋಟರು ಇರಬಹುದು, ಮೇವು ಕತ್ತರಿಸುವ ಮಿಷನ್ ಇರಬಹುದು, ಬೋರ್‌ವೆಲ್ಲಿನ ಸ್ಟಾರ್ಟರ್ ಇರಬಹುದು. ಅದು ಓಡುವಾಗ ಪ್ಲಾಸ್ಟಿಕ್ ಸುಟ್ಟ ವಾಸನೆ ಬರುತ್ತದೆಯೇ? ವೈರಿನ ತುದಿ ಕಂದಿದೆಯೇ? ಕೂಡಲೇ ಮೈನ್ ಆಫ್ ಮಾಡಿ. ಕರೆಂಟ್ ಇರುವಾಗ ಮುಟ್ಟಬೇಡಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನನ್ನು ಕರೆಸಿ.

ಅವರು ಬಂದಾಗ ಒಳಗೆ ಹೋಗಿ ಕೂರಬೇಡಿ, ಪಕ್ಕದಲ್ಲಿ ನಿಲ್ಲಿ. ವೈರಿನ ನಂಬರ್, ತಿಂಬಲಿನ ನಂಬರ್, ಟೂಲಿನ ಹಲ್ಲಿನ ನಂಬರ್ ಮೂರೂ ಒಂದೇನಾ ಎಂದು ಕೇಳಿ. ತಾಮ್ರದ ವೈರಿಗೆ ತಾಮ್ರದ ತಿಂಬಲ್, ಅಲ್ಯೂಮಿನಿಯಂ ವೈರಿಗೆ ಅಲ್ಯೂಮಿನಿಯಮಿನದೇ ಇರಲಿ. ಪ್ಲಾಸ್ಟಿಕ್ ಟೋಪಿ ಇರುವ ತಿಂಬಲಿಗೂ ಬರಿಯ ತಾಮ್ರದ ತಿಂಬಲಿಗೂ ಬೇರೆ ಬೇರೆ ಹಲ್ಲು ಬೇಕು. ಬೋರ್‌ವೆಲ್ಲಿನ ದಪ್ಪ ಕೇಬಲ್ಲಿಗೆ ಕೈಯಿಂದ ಒತ್ತುವ ಸಣ್ಣ ಟೂಲ್ ಸಾಲದು, ದೊಡ್ಡದೇ ತರಿಸಿ. ಪ್ಲೇಯರ್ ತೆಗೆದರೆ, ಸುತ್ತಿಗೆ ಎತ್ತಿದರೆ, ಬೇಡ ಅನ್ನಿ. ಅವರು ನಿಮಗಿಂತ ಹಿರಿಯರಾಗಿರಬಹುದು, ಹೆಚ್ಚು ಓದಿದವರಾಗಿರಬಹುದು. ಆದರೂ ಕೇಳಿ. ಗೊತ್ತಿರುವವರು ಕೇಳಿದ್ದಕ್ಕೆ ಸಿಟ್ಟಾಗುವುದಿಲ್ಲ, ತೋರಿಸಿಕೊಡುತ್ತಾರೆ.

ಕೊನೆಗೆ, ಕರೆಂಟ್ ಕೊಡುವುದಕ್ಕೆ ಮುಂಚೆ, ವೈರನ್ನು ನಿಮ್ಮ ಕೈಯಲ್ಲೇ ಹಿಡಿದು ಎಳೆಯಿರಿ. ತಿಂಬಲಿನಿಂದ ಕಳಚಿ ಬಂದರೆ, ಮತ್ತೆ ಮಾಡಿಸಿ. ಬರದಿದ್ದರೆ, ನೆಮ್ಮದಿಯಾಗಿ ಸ್ವಿಚ್ ಹಾಕಿ.